ಅಂದು ಫ್ಯಾನು ತಿರುಗುತ್ತಲೇ ಇತ್ತು

ಹೋದ ವಾರ ಗುಜರಿಯವನು ಬಂದಾಗ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಹಳೆಯ ಆಂಪ್ಲಿಫೈಯರು, ತುಕ್ಕು ಹಿಡಿದ ಎರಡು ಹಾರ್ನು, ಮೂರು ಮೈಕು... ಎಲ್ಲವನ್ನೂ ತೂಕಕ್ಕೆ ಹಾಕಿಬಿಡೋಣ ಅಂತಲೇ ಇದ್ದೆ. ಒಂದು ಮೈಕಿನ ತಲೆಗೆ ಕೆಂಪು ಸ್ಪಂಜಿನ ಟೋಪಿ ಹಾಗೇ ಇತ್ತು. ಧೂಳು ಊದಲೆಂದು ಬಾಯಿ ಹತ್ತಿರ ತಂದೆ ನೋಡಿ, ಲವಂಗದ ವಾಸನೆ! ಇಷ್ಟು ವರ್ಷ ವಾಸನೆ ಎಲ್ಲಿ ಉಳಿದೀತು, ನನ್ನ ಭ್ರಮೆಯೇ ಇರಬೇಕು. ಆದರೂ ಮೈಕನ್ನು ಟ್ರಂಕಿಗೇ ವಾಪಸು ಇಟ್ಟು, "ನಾಳಿ ಬಾರಪಾ" ಎಂದು ಅವನನ್ನು ಸಾಗಹಾಕಿದೆ.

ಲವಂಗ ನಮ್ಮ ಮೆಂಬರ್ ಅಕ್ಕಾರದು. ರಬಕವಿ ಪೇಟೆಗೆ ಸೀರೆ ನೇಯ್ದು ಕೊಡುವ ಸಣ್ಣ ಊರು ನಮ್ಮದು. ಅಕ್ಕಾರು ಮಗ್ಗದ ಮನೆಯಿಂದಲೇ ಎದ್ದು ಬಂದು ತಾಲೂಕು ಪಂಚಾಯ್ತಿ ಮೆಂಬರ್ ಆದವರು. ಮಾತಿಗೆ ನಿಲ್ಲುವ ಮೊದಲು ಗಂಟಲಿಗೆಂದು ಒಂದು ಲವಂಗ ದವಡೆಗೆ ಇಟ್ಟುಕೊಳ್ಳುವರು, ಆಮೇಲೆ ಮೈಕಿಗೆ ತುಟಿ ತಾಗಿಸಿಯೇ ಮಾತಾಡುವರು. ದೂರ ನಿಲ್ಲಿರಿ ಎಂದು ಎಷ್ಟು ಹೇಳಿದರೂ ಅಷ್ಟೇ. ನನ್ನದು ಮೈಕ್‌ಸೆಟ್ಟಿನ ಕಸುಬು. ಜಮಖಂಡಿ, ಮುಧೋಳ, ಬೀಳಗಿ, ಎಲ್ಲಿ ಸಭೆಯಾದರೂ ಎತ್ತಿನ ಗಾಡಿಯಿಂದ ಹಿಡಿದು ಟೆಂಪೋದವರೆಗೆ ಸಿಕ್ಕಿದ್ದರಲ್ಲಿ ಸಾಮಾನು ಹೇರಿಕೊಂಡು ಹೋಗುತ್ತಿದ್ದೆ.

ಅಕ್ಕಾರು ವೇದಿಕೆ ಹತ್ತುವಾಗ ನನಗೆ ಹೇಳುತ್ತಿದ್ದುದು ಒಂದೇ ಮಾತು.

"ತಮ್ಮಾ, ಸೌಂಡ ಜೋರ ಇಡು. ಹಿಂದ ಕುಂತವರಿಗೆ ಕೇಳಬೇಕು. ಮುಂದ ಕುಂತವರಿಗೆ ಎಲ್ಲಾ ಮೊದಲ ಗೊತ್ತಿರತೈತಿ."

ಹಿಂದೆ ಕೂರುತ್ತಿದ್ದವರು ಹೆಂಗಸರು. ಅವರಲ್ಲಿ ನಮ್ಮ ಅವ್ವನೂ ಒಬ್ಬಳು.

ಎಂಥ ಬಾಯಿ ಅಂತೀರಿ ಅವರದು! ಒಮ್ಮೆ ಊರಿನ ದೊಡ್ಡವರ ಮನೆಯ ಮದುವೆ. ಹರಸಲು ಕರೆದರು. ಅಕ್ಕಿಕಾಳು ಕೈಯಲ್ಲಿ ಹಿಡಿದು ಮದುಮಗಳ ಮುಖ ನೋಡಿದವರು, "ಯವ್ವಾ, ನಿನಗ ಎಷ್ಟ ವರ್ಷ?" ಎಂದು ಕೇಳಿಬಿಟ್ಟರು. ಮೈಕು ಚಾಲೂ ಇತ್ತು. ಹುಡುಗಿ "ಹದಿನಾರ್ರಿ" ಅಂದದ್ದು ಇಡೀ ಪೆಂಡಾಲಿಗೆ ಕೇಳಿಸಿತು. ಅಕ್ಕಾರು ಅಕ್ಕಿಯನ್ನು ವಾಪಸು ತಾಟಿಗೆ ಸುರಿದು, "ನಾ ಈ ಅಕ್ಕಿಕಾಳ ಹಾಕೂದಿಲ್ಲ, ಯಾರೂ ಹಾಕಬ್ಯಾಡ್ರಿ" ಎಂದು ಇಳಿದು ಹೋದರು. ಮದುವೆ ನಿಂತಿತು. ಮೈಕ್ ಬಂದ್ ಮಾಡಲಿಲ್ಲವೆಂದು ಬೈಗುಳ ತಿಂದವನು ನಾನು! ಆದರೂ ಅಂದು ಮನೆಗೆ ಬಂದು ಅವ್ವನ ಮುಂದೆ ಎದೆ ಉಬ್ಬಿಸಿ ಹೇಳಿಕೊಂಡಿದ್ದೆ.

ಆ ಎದೆ ಎಲ್ಲಿ ಹೋಯಿತೋ...

ನೇಕಾರರಿಗೆ ಮನೆ ಕೊಡುವ ಪಟ್ಟಿ ತಯಾರಾಗಿತ್ತು. ಶಾಲೆಯ ಬಯಲಲ್ಲಿ ಮಧ್ಯಾಹ್ನ ಸಭೆ. ಪಟ್ಟಿ ಓದಿ, ತಕರಾರು ಇಲ್ಲದಿದ್ದರೆ ಅಲ್ಲೇ ಪಾಸು ಮಾಡುವುದಿತ್ತು. ನಡುವಿನ ಕುರ್ಚಿಯಲ್ಲಿ ಸಾವಕಾರರು, ಆ ಭಾಗದ ರಾಜಕಾರಣವೆಲ್ಲ ಅವರ ಅಂಗೈಯಲ್ಲಿ. ಅಕ್ಕಾರಿಗೆ ಟಿಕೆಟ್ ಕೊಡಿಸಿದವರೂ ಅವರೇ, ನನ್ನನ್ನು ಎಲ್ಲ ಸಭೆಗೂ ಕರೆಸುತ್ತಿದ್ದವರೂ ಅವರೇ. ಸೆಖೆಯೆಂದು ಅವರ ಕಾಲ ಬಳಿ ಒಂದು ಟೇಬಲ್ ಫ್ಯಾನು ಇಟ್ಟಿದ್ದೆ. ಮೈಕಿನ ವಾಯರು, ಫ್ಯಾನಿನ ವಾಯರು ಎರಡೂ ಒಂದೇ ಬೋರ್ಡಿಗೆ.

ಪಟ್ಟಿ ಓದಿ ಮುಗಿಯಿತು. ಅಕ್ಕಾರು ಎದ್ದು, ಮೊದಲು ವೇದಿಕೆಯ ಮೇಲಿನವರಿಗೇ ಮೈಕಿಲ್ಲದೆ ಹೇಳಿದರು.

"ಇದರಾಗ ಕಂಡಿಕಿ ಸುತ್ತೋ ಹೆಣ್ಣಮಕ್ಕಳ ಹೆಸರ ಒಂದೂ ಇಲ್ಲ. ಕಂಡಿಕಿ ಇಲ್ಲದ ಯಾವ ಮಗ್ಗ ನಡೀತೈತಿ, ನನಗೂ ತೋರಸ್ರಿ. ಅವರೂ ನೇಕಾರರ! ಗಂಡ ಸತ್ತಾಕಿ ಎಲ್ಲಿಗೆ ಹೋಗಬೇಕು? ಸಾವಕಾರರು ಪಟ್ಟಿ ಮಾಡೂವಾಗ..."

ಅದನ್ನೇ ಹಿಂದಿನವರಿಗೂ ಹೇಳಲು ಅಕ್ಕಾರು ಮೈಕು ಹಿಡಿಯುವಷ್ಟರಲ್ಲಿ ಸಾವಕಾರರು ನನ್ನ ಕಡೆ ನೋಡಿದರು. ಎರಡು ಬೆರಳಿನಿಂದ ಗಾಳಿಯಲ್ಲೇ ಸೌಂಡಿನ ಗುಂಡಿ ತಿರುವಿದಂತೆ ಮಾಡಿದರು, ಅಷ್ಟೇ.

ನಾನು ತಿರುವಿಬಿಟ್ಟೆ.

ನಮ್ಮ ಅವ್ವ ಬೇರೆಯವರ ಮಗ್ಗದ ಮನೆಯಲ್ಲಿ ಕಂಡಿಕಿ ಸುತ್ತಿಯೇ, ನೂಲನ್ನು ಸಣ್ಣ ಕೊಳವೆಗೆ ಏರಿಸಿ ಏರಿಸಿಯೇ, ನನ್ನನ್ನು ಸಾಕಿದವಳು. ಗಂಡ ಸತ್ತಾಕಿ ಎಂದರೆ ಅವಳೇ. ಅದು ಗೊತ್ತಿದ್ದೂ ತಿರುವಿದೆ. ಆ ಕ್ಷಣಕ್ಕೆ ಸಾವಕಾರರ ಬೆರಳು ಬಿಟ್ಟರೆ ಬೇರೇನೂ ಕಾಣಲಿಲ್ಲವೆಂದು ಹೇಳಬಹುದು. ಹೇಳಿದರೇನು ಬಂತು?

ಅಕ್ಕಾರು ಮೈಕನ್ನು ಎರಡು ಸಲ ತಟ್ಟಿ ನನ್ನತ್ತ ತಿರುಗಿದರು. "ಏನಾತೋ ತಮ್ಮಾ?"

"ಕರೆಂಟ ಹೋತ್ರಿ, ಅಕ್ಕಾರ."

ಅವರು ಕೆಳಗೆ ನೋಡಿದರು. ಫ್ಯಾನು ಗರಗರ ತಿರುಗುತ್ತಿತ್ತು, ಅವರ ಸೆರಗೇ ಆ ಗಾಳಿಗೆ ಹಾರುತ್ತಿತ್ತು. ನಾನಾದರೂ ಎಂಥ ಹೆಡ್ಡ! ಸುಳ್ಳು ಹೇಳುವವನು ಫ್ಯಾನಿನ ವಾಯರನ್ನಾದರೂ ಕೀಳಬೇಕಿತ್ತು. ಬಯ್ಯುತ್ತಾರೆ ಎಂದುಕೊಂಡೆ. "ಆತ ಬಿಡಪಾ" ಎಂದು ಮೈಕು ನನ್ನ ಕೈಗೆ ಕೊಟ್ಟು, ಬರಿಗಂಟಲಿನಲ್ಲೇ ಕೂಗಿ ಹೇಳತೊಡಗಿದರು. ಮುಂದಿನ ಎರಡು ಸಾಲಿಗೆ ಕೇಳಿಸಿರಬೇಕು. ಆ ಸಾಲಿನವರು ಕುಳಿತಲ್ಲೇ ಕುಳಿತಿದ್ದರು. ಅಕ್ಕಾರ ದನಿ ಒಡೆದ ಮೇಲೆ ಮೈಕು ಸಾವಕಾರರ ಕೈಗೆ ಹೋಯಿತು, ಅವರ ಮಾತಿಗೆ ಸೌಂಡು ಎಲ್ಲ ಕಡೆ ಛಲೋ ಕೇಳಿಸಿತು. ತಕರಾರು ಇದೆಯೇ ಎಂದರು. ಹಿಂದಿನಿಂದ ಒಂದು ಕೈಯೂ ಏಳಲಿಲ್ಲ. ತಕರಾರು ಏನೆಂದೇ ಅವರಿಗೆ ತಿಳಿದಿರಲಿಲ್ಲ.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು: "ಅಕ್ಕಾರು ಏನ ಹೇಳಾಕತ್ತಿದ್ರೋ? ನಮಗ ಕೇಳಸಲೇ ಇಲ್ಲ."

"ಕರೆಂಟ ಹೋಗಿತ್ತವ್ವಾ."

"ಹೌದೇನ? ಇರಲಿ ಬಿಡು, ನೀ ಏನ ಮಾಡತಿ" ಎಂದಳು. ಮಗನ ಮಾತಲ್ಲವೇ, ನಂಬಿದಳು.

ಮುಂದಿನ ಚುನಾವಣೆಯಲ್ಲಿ ಅಕ್ಕಾರಿಗೆ ಟಿಕೆಟ್ ಸಿಗಲಿಲ್ಲ. ಬಾಯಿ ಜೋರಂತೆ. ಆಮೇಲೂ ಅಲ್ಲೊಂದು ಇಲ್ಲೊಂದು ಸಣ್ಣ ಸಭೆಗೆ ಬರುತ್ತಿದ್ದರು. ನನ್ನನ್ನು ಕಂಡಾಗ ಸೌಂಡಿನ ಮಾತು ಎತ್ತುತ್ತಿರಲಿಲ್ಲ. ನಕ್ಕು, "ಇವತ್ತ ಕರೆಂಟ ಐತೇನ ತಮ್ಮಾ?" ಎನ್ನುವರು. "ಐತ್ರಿ ಅಕ್ಕಾರ" ಎನ್ನುತ್ತಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವ್ವ ಬಾಡಿಗೆ ಕೋಣೆಯಲ್ಲೇ ತೀರಿಕೊಂಡಳು, ರಾಟಿಯ ಪಕ್ಕ ಹಾಸಿದ್ದ ಚಾಪೆಯ ಮೇಲೆ.

ಎರಡು ವರ್ಷದ ಹಿಂದೆ ಅಕ್ಕಾರೂ ಹೋದರು. ಅದೇ ಶಾಲೆಯ ಬಯಲಲ್ಲಿ ಶ್ರದ್ಧಾಂಜಲಿ ಸಭೆ, ನನ್ನದೇ ಮೈಕು. ಮುದುಕರಾದ ಸಾವಕಾರರು ಅಕ್ಕಾರ ನೇರ ನುಡಿಯನ್ನು ಬಾಯ್ತುಂಬ ಹೊಗಳಿದರು. ಅಂಥವರು ಇನ್ನು ಹುಟ್ಟುವುದಿಲ್ಲ ಎಂದು ಕಣ್ಣೊರೆಸಿಕೊಂಡರು. ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಎಲ್ಲ ಮುಗಿದ ಮೇಲೆ ಯಾರೋ, "ಅವರ ಸಭಾ ಎಲ್ಲಾ ನೀನ ಮಾಡೀದಿ. ಎರಡ ಮಾತ ಹೇಳೋ" ಎಂದು ನನ್ನನ್ನು ಮುಂದೆ ದೂಡಿದರು.

ಜನ್ಮದಲ್ಲಿ ಮೊದಲ ಸಲ ನನ್ನ ಮೈಕಿನ ಮುಂದೆ ನಾನು ನಿಂತಿದ್ದೆ. ಕರೆಂಟು ಇತ್ತು. ಹಿಂದಿನ ಸಾಲಿನಲ್ಲಿ ಕಂಡಿಕಿ ಸುತ್ತಿ ಬೆರಳು ಸವೆದ ಮುದುಕಿಯರು ನನ್ನನ್ನೇ ನೋಡುತ್ತಿದ್ದರು. ಎಲ್ಲ ನಾಲಿಗೆಯ ತುದಿಯವರೆಗೆ ಬಂದಿತ್ತು...

"ಅಕ್ಕಾರು ಭಾಳ ಛಲೋ ಇದ್ರು" ಅಂದೆ. ಕೆಳಗಿಳಿದುಬಿಟ್ಟೆ.

ಹೋದ ವಾರ ನಾನು ಸಾಗಹಾಕಿದ್ದ ಗುಜರಿಯವನು ಮರುದಿನ ಮತ್ತೆ ಬಂದ. ಎಲ್ಲ ಕೊಟ್ಟೆ, ಆ ಮೈಕನ್ನೂ ಕೊಟ್ಟೆ. ಸ್ಪಂಜಿನ ಟೋಪಿ ಮಾತ್ರ ಕಿತ್ತಿಟ್ಟುಕೊಂಡೆ. ಆ ಹೊತ್ತಿಗೆ ಅದರಲ್ಲಿ ಧೂಳಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಮೂಗಿಗೆ ಹಿಡಿದುಕೊಂಡು ಅಂಗಳದಲ್ಲಿ ಕುಳಿತು ಹೇಳಿದೆ, "ಅಕ್ಕಾರ, ಅವತ್ತ ಕರೆಂಟ ಹೋಗಿರಲಿಲ್ರಿ." ಅವರಿಗೆ ಗೊತ್ತಿದ್ದ ಮಾತೇ ಅದು. ಗೊತ್ತಿರದಿದ್ದವರು ಹಿಂದಿನ ಸಾಲಿನವರು, ಅವರಿಗೆ ನಾನು ಇವತ್ತಿಗೂ ಹೇಳಿಲ್ಲ.