ರಾಣಿಯ ಪಕ್ಕದಲ್ಲಿ ನಿಂತ ದಾಸಿ

ನಾನು ಮೊದಲ ಸಲ ಬಣ್ಣ ಹಚ್ಚಿದಾಗ ನನಗೆ ಹದಿನೆಂಟು ವರ್ಷ. ಆಮೇಲೆ ಎಂಟು ವರ್ಷ ನಾಟಕ ಕಂಪನಿಯಲ್ಲಿದ್ದೆ, ಅಲ್ಲಿಂದ ಮದರಾಸಿಗೆ ಹೋಗಿ ಸಿನಿಮಾಗಳಲ್ಲಿ ಪಾತ್ರ ಮಾಡಿದೆ. ನಟನೆ ಯಾರಿಂದ ಕಲಿತೆ ಎಂದು ಕೇಳಿದವರಿಗೆಲ್ಲ ಒಬ್ಬರ ವಿಷಯವನ್ನೇ ಹೇಳುತ್ತಾ ಬಂದಿದ್ದೇನೆ. ನಾನು ಬರುವ ತನಕ ನಮ್ಮ ಕಂಪನಿಯ ನಾಯಕಿಯಾಗಿದ್ದವರು ಅವರು. ನಲವತ್ತು ದಾಟಿದ ಗಂಡಸು.

ಹೊಸಪೇಟೆಯಲ್ಲಿ ನಮ್ಮವ್ವ ಖಾನಾವಳಿ ನಡೆಸುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅದೇ ನಮಗೆ ಆಧಾರ. ಊರಲ್ಲಿ ಯಾವ ಕಂಪನಿ ಕ್ಯಾಂಪು ಹಾಕಿದರೂ ಅವರ ಊಟ ನಮ್ಮಲ್ಲೇ. ನಾನು ಒಳಗೆ ರೊಟ್ಟಿ ಬಡಿಯುತ್ತಾ ಅವರ ನಾಟಕದ ಹಾಡುಗಳನ್ನೇ ಹಾಡಿಕೊಳ್ಳುತ್ತಿದ್ದೆ. ಪಡಸಾಲೆಯಲ್ಲಿ ಉಣ್ಣುತ್ತಿದ್ದವರಿಗೆ ಅದೆಲ್ಲ ಕೇಳಿಸುತ್ತಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಆಗ ಬೇರೆ ಕಂಪನಿಗಳಲ್ಲಿ ಹೆಣ್ಣು ಪಾತ್ರಗಳನ್ನು ಹೆಂಗಸರೇ ಮಾಡತೊಡಗಿದ್ದರು. ಜನ ಅತ್ತ ಹೋಗುತ್ತಿದ್ದರು. ನಮ್ಮಲ್ಲಿ ಉಣ್ಣುತ್ತಿದ್ದ ಕಂಪನಿಯ ಮಾಲೀಕರಿಗೂ ಅದೇ ಚಿಂತೆ. ಒಂದು ಮಧ್ಯಾಹ್ನ ಅವರು ತಮ್ಮ ನಾಯಕಿ ಪಾತ್ರದವರನ್ನು ಕರೆದುಕೊಂಡು ಬಂದು ಅವ್ವನ ಮುಂದೆ ಕೂತರು. ಮಗಳನ್ನು ಕಂಪನಿಗೆ ಕಳಿಸಿ ಎಂದು ಕೇಳಿದರು. ನನ್ನ ಹಾಡು ಕೇಳಿ, ಈ ಹುಡುಗಿಯನ್ನು ತೆಗೆದುಕೊಳ್ಳೋಣ ಎಂದು ಮಾಲೀಕರಿಗೆ ಹೇಳಿದ್ದೇ ಆ ನಾಯಕಿ ಪಾತ್ರದವರು ಎಂಬುದು ಆಗ ಗೊತ್ತಾಯಿತು.

ಅವ್ವ ಮೊದಲು ಆಗುವುದಿಲ್ಲ ಎಂದಳು. ನಾಟಕ ಸೇರಿದ ಹೆಣ್ಣಿನ ಬಗ್ಗೆ ಜನ ಏನೆಲ್ಲ ಮಾತಾಡುತ್ತಾರೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ನಾಯಕಿ ಪಾತ್ರದವರು ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದರು. ಆಮೇಲೆ, ಈಕೆ ನನ್ನ ತಂಗಿ ಇದ್ದಂತೆ, ನಾನಿರುವ ತನಕ ಈಕೆಗೆ ಯಾರೂ ಒಂದು ಮಾತು ಅನ್ನದ ಹಾಗೆ ನೋಡಿಕೊಳ್ಳುತ್ತೇನೆ ಎಂದರು.

ಅವ್ವ ಕೇಳಿದಳು, “ಈಕಿ ಬಂದ್ರ ನಿಮ್ಮ ಪಾತ್ರ ಏನಾಗತೈತ್ರಿ?”

“ಅದನ್ನ ನಾ ನೋಡ್ಕೊಂತೀನ್ರಿ ಅಕ್ಕಾರ,” ಎಂದರು ಅವರು.

ಅವ್ವ ಒಪ್ಪಿದಳು. ಆದರೆ ತಾನೂ ಬರುತ್ತೇನೆ ಎಂದಳು. ಹೀಗೆ ನಾನು ನಟಿಯಾಗಿ, ಅವ್ವ ಅಡುಗೆಯವಳಾಗಿ ಒಂದೇ ದಿನ ಕಂಪನಿ ಸೇರಿದೆವು. ಅಂದಿನಿಂದ ನಾನು ಅವರನ್ನು ಅಣ್ಣ ಎಂದೇ ಕರೆದೆ.

ಮುಂದಿನ ಕ್ಯಾಂಪು ಕಂಪ್ಲಿಯಲ್ಲಿ. ಬೆಳಿಗ್ಗೆ ಅಣ್ಣ ನನ್ನನ್ನೂ ಅವ್ವನನ್ನೂ ಹೊಳೆಯ ದಂಡೆಗೆ ಕರೆದೊಯ್ಯುತ್ತಿದ್ದರು. ಅವ್ವ ಬಟ್ಟೆ ಒಗೆಯುವಾಗ ನನಗೆ ಮರಳಿನ ಮೇಲೆ ನಡೆಯುವ ಪಾಠ. ಮರಳಿನಲ್ಲಾದರೆ ಹೆಜ್ಜೆ ಕಾಣುತ್ತದೆ. ನಾನು ನಡೆದು ಬಂದ ಮೇಲೆ ಅವರು ಬಗ್ಗಿ ಹೆಜ್ಜೆಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಇದು ಒಲೆಯ ಮೇಲೆ ರೊಟ್ಟಿ ಬಿಟ್ಟು ಬಂದವಳ ನಡಿಗೆ, ರಾಣಿಯದಲ್ಲ ಎನ್ನುತ್ತಿದ್ದರು. ನದಿಯಲ್ಲಿ ಹರಿಗೋಲು ದಾಟಿಸುವವರು ನಮ್ಮನ್ನೇ ನೋಡಿ ನಗುತ್ತಿದ್ದರು. ನನಗೆ ನಾಚಿಕೆ, ಅದರ ಜೊತೆ ಸಿಟ್ಟು. ನಾನೇ ಹೆಣ್ಣು, ನನಗೆ ಹೆಣ್ಣಿನ ನಡಿಗೆ ಕಲಿಸಲು ಗಂಡಸು ಬೇಕೇ? ಒಂದು ದಿನ ಅದನ್ನು ಬಾಯಿಬಿಟ್ಟು ಅಂದೇಬಿಟ್ಟೆ.

ಅಣ್ಣ ಬೇಸರ ಮಾಡಿಕೊಳ್ಳಲಿಲ್ಲ. “ನೀ ಹೆಣ್ಣು ಅಂತ ಜನ ಮೊದ್ಲ ನಂಬಿರ್ತಾರ ತಂಗಿ. ಅದಕ್ಕ ನೀ ಏನೂ ಮಾಡವಲ್ಲಿ. ನನ್ನ ಯಾರೂ ನಂಬತಿರಲಿಲ್ಲ. ಅದಕ್ಕ ನಾ ಎಲ್ಲಾನೂ ಮಾಡಬೇಕಾಗಿತ್ತು,” ಎಂದರು.

ಆಮೇಲೆ ಪಕ್ಕದಲ್ಲಿ ಕೂತು ತಾವು ಕಲಿತ ಬಗೆ ಹೇಳಿದರು. ಇಪ್ಪತ್ತು ವರ್ಷ ಅವರು ಬಾವಿಕಟ್ಟೆ, ಸಂತೆ, ಆಸ್ಪತ್ರೆಯ ಬಾಗಿಲು, ಎಲ್ಲೆಲ್ಲೂ ಹೆಂಗಸರನ್ನು ಗಮನಿಸಿದ್ದರು. ದುಃಖ ಬಂದ ಹೆಂಗಸು ನಾಟಕದಲ್ಲಿ ಮಾಡುವಂತೆ ತಕ್ಷಣ ಮುಖ ಮುಚ್ಚಿಕೊಳ್ಳುವುದಿಲ್ಲ, ಮೊದಲು ಕೈಗೆ ಯಾವುದಾದರೂ ಕೆಲಸ ಹುಡುಕುತ್ತಾಳೆ ಎಂದರು. ಅಪ್ಪ ತೀರಿಹೋದ ಸುದ್ದಿ ಬಂದಾಗ ಅವ್ವ ಮೊರ ಎಳೆದುಕೊಂಡು ಬೇಳೆ ಆರಿಸುತ್ತಾ ಕೂತಿದ್ದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ನೋಡಿರಲಿಲ್ಲ. ಅಂದಿನಿಂದ ಅಣ್ಣ ಹೇಳಿದ್ದಕ್ಕೆ ಎದುರಾಡಲಿಲ್ಲ.

ನಾನು ರಂಗಕ್ಕೆ ಬಂದದ್ದು ಸಂಡೂರಿನಲ್ಲಿ. ಗಂಡನಿಂದ ದೂರವಾದ ರಾಣಿಯ ಪಾತ್ರ. ಅಣ್ಣನಿಗೆ ಹೆಸರು ತಂದುಕೊಟ್ಟಿದ್ದೇ ಆ ಪಾತ್ರ. ಸಂಡೂರಿನ ಜನ ಹತ್ತು ವರ್ಷದಿಂದ ಅದರಲ್ಲಿ ಅವರನ್ನು ನೋಡಿದ್ದವರು. ಪರದೆ ಮೇಲೆದ್ದು ನಾನು ಕಾಣಿಸಿದೊಡನೆ ಹಿಂದಿನ ಸಾಲುಗಳಿಂದ ಗದ್ದಲ ಎದ್ದಿತು. ಹಳೆಯ ರಾಣಿಯನ್ನೇ ಕಳಿಸಿ ಎಂದು ಕೂಗತೊಡಗಿದರು. ನನಗೆ ಮೊದಲ ಮಾತೇ ಮರೆತುಹೋಯಿತು.

ಆ ಸಲ ಅಣ್ಣನಿಗಿದ್ದದ್ದು ದಾಸಿಯ ಪಾತ್ರ. ಅವರು ಬರಬೇಕಾದದ್ದು ಎರಡನೆಯ ಅಂಕದಲ್ಲಿ. ಆದರೆ ಆಗಲೇ ಪಕ್ಕದಿಂದ ನಡೆದು ಬಂದರು. ಅವರ ಗುರುತು ಹಿಡಿದ ಜನ ಚಪ್ಪಾಳೆ ತಟ್ಟಿದರು. ಅವರು ಆ ಕಡೆ ನೋಡಲೇ ಇಲ್ಲ. ನೇರ ನನ್ನ ಮುಂದೆ ಬಂದು, ಮಂಡಿಯೂರಿ, ನನ್ನ ಸೀರೆಯ ನೆರಿಗೆಗಳನ್ನು ಸರಿಮಾಡತೊಡಗಿದರು. ಆತುರವಿಲ್ಲದೆ, ಒಂದೊಂದೇ ನೆರಿಗೆ. ಹಾಗೆ ಮಾಡುತ್ತಲೇ ತಗ್ಗಿದ ದನಿಯಲ್ಲಿ, “ಉಸಿರು ತಗೋ. ಆಮ್ಯಾಲ ಮಾತಾಡು,” ಎಂದರು. ಎದ್ದು ಸಭಿಕರ ಕಡೆ ತಿರುಗಿ, ನಾಟಕದ ದನಿಯಲ್ಲಿ, “ಮಹಾರಾಣಿಯವರು ಮಾತನಾಡುವ ಹೊತ್ತಿನಲ್ಲಿ ಈ ಸಭೆಯಲ್ಲಿ ಗದ್ದಲ ಮಾಡುತ್ತಿರುವವರು ಯಾರು?” ಎಂದು ಕೇಳಿದರು.

ಕೆಲವರು ನಕ್ಕರು. ಆಮೇಲೆ ಸಭೆ ಪೂರ್ತಿ ಸುಮ್ಮನಾಯಿತು. ಅಣ್ಣ ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ, ನನ್ನ ಪಕ್ಕದಲ್ಲಿ ನಿಂತುಕೊಂಡರು. ನನಗೆ ಮಾತು ಬಂತು. ಆ ಅಂಕ ಮುಗಿಯುವ ತನಕ ಅವರು ಅಲ್ಲಿಂದ ಕದಲಲಿಲ್ಲ. ಮುಂದೆ ಎಷ್ಟೋ ಊರುಗಳಲ್ಲಿ ಎಷ್ಟೋ ಚಪ್ಪಾಳೆ ಕೇಳಿದ್ದೇನೆ. ಅವೆಲ್ಲ ನನಗೆ ಸಿಕ್ಕಿದ್ದು ಆ ಒಂದು ಅಂಕದಿಂದ ಎಂದೇ ತಿಳಿದಿದ್ದೇನೆ.

ಅಣ್ಣ ಮತ್ತೆ ರಾಣಿಯಾಗಲಿಲ್ಲ. ಮೂರು ವರ್ಷ ದಾಸಿ, ಅತ್ತೆ, ಮುದುಕಿಯ ಪಾತ್ರಗಳನ್ನು ಮಾಡಿದರು. ಅವ್ವನಿಗೆ ಕೊಟ್ಟ ಮಾತನ್ನು ಒಂದು ದಿನವೂ ಮರೆಯಲಿಲ್ಲ. ಆಮೇಲೆ ಬುಕ್ಕಸಾಗರದ ತಮ್ಮ ಗದ್ದೆಗಳನ್ನು ನೋಡಿಕೊಳ್ಳುತ್ತೇನೆಂದು ಕಂಪನಿ ಬಿಟ್ಟರು.

ನಾನು ಅವ್ವನನ್ನೂ ಕರೆದುಕೊಂಡು ಮದರಾಸಿಗೆ ಹೋದ ಮೇಲೆ ಮೊದಲ ಚಿತ್ರದಲ್ಲಿ ಮಗನನ್ನು ಕಳೆದುಕೊಂಡ ತಾಯಿಯಾಗಬೇಕಿತ್ತು. ನಿರ್ದೇಶಕರು ತೆಲುಗಿನವರು. ದೀಪಗಳ ಕಾವಿಗೆ ಬಣ್ಣ ಕರಗುತ್ತಿತ್ತು. ಎದೆ ಬಡಿದುಕೊಂಡು ಅಳು ಎಂದರು. ಎರಡು ಸಲ ಹಾಗೇ ಮಾಡಿದೆ, ಅವರಿಗೆ ಹಿಡಿಸಲಿಲ್ಲ. ನನ್ನ ರೀತಿಯಲ್ಲಿ ಒಮ್ಮೆ ಮಾಡುತ್ತೇನೆ ಎಂದು ಕೇಳಿಕೊಂಡೆ. ಹಗ್ಗದ ಮೇಲಿದ್ದ ಮಗುವಿನ ಅಂಗಿಯನ್ನು ತೆಗೆದು ಮಡಚಿದೆ, ಬಿಚ್ಚಿ ಮತ್ತೆ ಮಡಚಿದೆ. ಅಷ್ಟೇ. ನಿರ್ದೇಶಕರು ಹತ್ತಿರ ಬಂದು, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು.

ಆ ಚಿತ್ರ ಹೊಸಪೇಟೆಗೆ ಬಂದಾಗ ನಾನೂ ಊರಿಗೆ ಬಂದೆ. ಬಂಡಿ ಕಟ್ಟಿಸಿಕೊಂಡು ಬುಕ್ಕಸಾಗರಕ್ಕೆ ಹೋದರೆ ಅಣ್ಣನ ಗುರುತೇ ಸಿಗಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ದಿನಾ ಗಡ್ಡ ಮೀಸೆ ಬೋಳಿಸುತ್ತಿದ್ದ ಮುಖದಲ್ಲಿ ಈಗ ದಪ್ಪ ಮೀಸೆ. ಅವರ ಹೆಂಡತಿ ನಗುತ್ತಾ, ಈಗ ತನ್ನ ಸೀರೆಗಳು ತನ್ನ ಪೆಟ್ಟಿಗೆಯಲ್ಲೇ ಇರುತ್ತವೆ ಎಂದರು. ಇಬ್ಬರನ್ನೂ ಕರೆದುಕೊಂಡು ಹೋಗಿ ಮಧ್ಯಾಹ್ನದ ಆಟಕ್ಕೆ ಕೂರಿಸಿದೆ. ಅಂಗಿ ಮಡಚುವ ದೃಶ್ಯ ಬಂದಾಗ ಅಣ್ಣನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಬಂಡಿಯಲ್ಲಿ ಮರಳುವಾಗ, ಎಷ್ಟೋ ವರ್ಷದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. ಸಂಡೂರಿನಲ್ಲಿ ಆ ಪಾತ್ರ ಬಿಟ್ಟುಕೊಟ್ಟಾಗ ಅವರಿಗೆ ಏನನ್ನಿಸಿತ್ತು ಎಂದು.

“ಸಂಕಟ ಆಗಿತ್ತು,” ಎಂದರು ಅಣ್ಣ. “ಇಲ್ಲ ಅಂದ್ರ ಸುಳ್ಳಾಗತೈತಿ. ಆದ್ರ ನೀ ಅವತ್ತು ಸೋತಿದ್ರ ಇದಕಿಂತ ಭಾಳ ಸಂಕಟ ಆಗತಿತ್ತು.”

ಅವರ ಹೆಂಡತಿ ಇದನ್ನು ಮೊದಲ ಸಲ ಕೇಳುತ್ತಿದ್ದಿರಬೇಕು. ಗಂಡನ ಕಡೆ ತಿರುಗಿ ನೋಡಿದರು. ನಾನು ಬಂಡಿಯಲ್ಲೇ ಬಗ್ಗಿ ಅಣ್ಣನ ಪಾದ ಮುಟ್ಟಿದೆ.

ಮರುದಿನ ನಾನು ಹೊರಟಾಗ ಅತ್ತಿಗೆ ತಮ್ಮ ಗದ್ದೆಯ ಹೊಸ ಅಕ್ಕಿಯನ್ನು ಚೀಲದಲ್ಲಿ ಕಟ್ಟಿಕೊಟ್ಟರು. ಅಣ್ಣ ಅದನ್ನು ತಾವೇ ಹೆಗಲ ಮೇಲೆ ಹೊತ್ತು ಸ್ಟೇಷನ್ನಿಗೆ ಬಂದು ರೈಲಿನಲ್ಲಿಟ್ಟರು. ಮದರಾಸಿನ ಮನೆಯಲ್ಲಿ ಅವ್ವ ಅದರಲ್ಲಿ ಅನ್ನ ಮಾಡಿದಳು. ನಮ್ಮೂರ ನೀರು ಕುಡಿದು ಬೆಳೆದದ್ದು ಎನ್ನುತ್ತಾ, ಅದು ತೀರುವ ತನಕ ದಿನಾ ಎರಡು ತುತ್ತು ಹೆಚ್ಚು ಉಂಡೆವು.