ನಳಿನಿಯ ಊರಿನ ಮೀನುಕಟ್ಟೆ

ನಳಿನಿಗೆ ಆಟಗಳಲ್ಲಿ ಎಂದೂ ಆಸಕ್ತಿ ಇರಲಿಲ್ಲ. ಉಡುಪಿಯಲ್ಲಿ ಹುಟ್ಟಿ ಬೆಳೆದವಳು, ವಯಸ್ಸು ಐವತ್ತರ ಹತ್ತಿರ. ಲಾಸ್ ಕೊಲಿನಾಸ್‌ನ ಒಂದು ಕಂಪನಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದಳು. ಗಂಡ ಹಯಗ್ರೀವನ ಕೆಲಸ ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ. ವಾರದ ಕೊನೆಗೆ ಮಾತ್ರ ಪ್ರಾಸ್ಪರ್ ಎಂಬ ಊರಿನ ತಮ್ಮ ಮನೆಗೆ ಬರುತ್ತಿದ್ದ. ಮಗಳು ಅನಘಾ ೨೦೧೫ರಲ್ಲಿ ಓದಲು ಆಸ್ಟಿನ್‌ಗೆ ಹೋಗುವಾಗ ತನ್ನ ಹಳೆಯ ಕಂಪ್ಯೂಟರ್ ಬಿಟ್ಟುಹೋದಳು. ಅದರಲ್ಲಿ ಊರು ಕಟ್ಟುವ ಆಟವೊಂದಿತ್ತು. ಒಂಟಿ ಸಂಜೆಗಳಲ್ಲಿ ನಳಿನಿ ಅದನ್ನು ಆಡತೊಡಗಿದಳು.

ಆಟದಲ್ಲಿ ಕಾಡಿನಂಚಿನಲ್ಲಿ ಕೆಲವು ಸಂಸಾರಗಳು ಬಂದಿಳಿಯುತ್ತವೆ. ಅವಕ್ಕೆ ಮನೆ, ಸೌದೆ, ಆಹಾರ ಒದಗಿಸಬೇಕು. ಇಲ್ಲದಿದ್ದರೆ ಜನ ಚಳಿಗಾಲದಲ್ಲಿ ಸಾಯುತ್ತಾರೆ. ಕಾಡಿನಲ್ಲಿ ಜಿಂಕೆ ಇದ್ದವು, ನದಿಯಲ್ಲಿ ಮೀನಿತ್ತು. ನಳಿನಿ ಬೇಟೆಯವರಿಗೆ ಗುಡಿಸಲು ಕಟ್ಟಲಿಲ್ಲ, ಮೀನು ಹಿಡಿಯುವವರಿಗೆ ಮೀನುಕಟ್ಟೆಯನ್ನೂ ಕಟ್ಟಲಿಲ್ಲ. ಅವಳ ಅಡುಗೆಮನೆಗೆ ಮೊಟ್ಟೆ ಸಹ ಬಂದದ್ದಿಲ್ಲ. ಊರಿಗೂ ಅದೇ ನಿಯಮವಾಯಿತು.

ಎಲ್ಲ ಹೊಲಕ್ಕೂ ಗೋಧಿ ಹಾಕಿಸಿದಳು. ಮೊದಮೊದಲು ಕಣಜ ತುಂಬಿತು, ಆಮೇಲೆ ಇಳುವರಿ ಕುಸಿಯಿತು. ಒಂದೇ ಬೆಳೆಯಿಂದ ಮಣ್ಣಿನ ಸಾರ ಹೋಗುತ್ತದೆ, ಗೋಧಿಯಾದ ಮೇಲೆ ಅವರೆ ಹಾಕಬೇಕು, ಮುಂದಿನ ವರ್ಷ ಹೊಲವನ್ನು ಬೀಳು ಬಿಡಬೇಕು ಎಂದು ಅನಘಾ ಫೋನಿನಲ್ಲಿ ಹೇಳಿದಳು. ನಳಿನಿ ಎಲ್ಲ ಹೊಲಗಳಿಗೂ ಒಮ್ಮೆಗೇ ಅವರೆ ಹಾಕಿಸಿ, ಮರುವರ್ಷ ಎಲ್ಲವನ್ನೂ ಒಮ್ಮೆಗೇ ಬೀಳು ಬಿಟ್ಟಳು. ಆಫೀಸಿನಲ್ಲಿ ಯಾರಾದರೂ ಎಲ್ಲ ಸರ್ವರ್‌ಗಳನ್ನು ಒಟ್ಟಿಗೆ ನಿಲ್ಲಿಸಿದ್ದರೆ ಅವರ ಕಥೆ ಮುಗಿಯುತ್ತಿತ್ತು. ಕಣಜದಲ್ಲಿದ್ದದ್ದು ವರ್ಷಕ್ಕೆ ಸಾಕೆಂದುಕೊಂಡಿದ್ದಳು. ನಡುವೆ ಹುಟ್ಟಿದ ಮಕ್ಕಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ, ಆಟದಲ್ಲಿ ಹಿಮ ಬೀಳುತ್ತಿರುವಾಗ, ಕಣಜ ಬರಿದಾಯಿತು. ಮುದುಕನೊಬ್ಬ ಹಸಿವಿನಿಂದ ಸತ್ತ. ನಳಿನಿ ಆಟವನ್ನು ಅಲ್ಲಿಗೇ ತಡೆದು ಕುಳಿತಳು.

ಕಾಫಿ ಹಿಡಿದು ಬಂದ ಹಯಗ್ರೀವ ಬಗ್ಗಿ ನೋಡಿದ.

"ಊರಿಗೆಲ್ಲ ಏಕಾದಶಿ ಮಾಡಿಸ್ತಿದ್ದೀಯಾ? ಒಂದು ಮೀನುಕಟ್ಟೆ ಕಟ್ಟು ಮಾರಾಯ್ತಿ."

"ನಾನಾ?"

"ಕಂಪ್ಯೂಟರಿನ ಮೀನಿಗೆ ಜೀವ ಉಂಟಾ?"

"ಈ ಜನಕ್ಕೂ ಇಲ್ಲ. ಹಾಗಂತ ಸಾಯ್ಲಿ ಅಂತ ಬಿಡ್ಲಿಕ್ಕಾಗ್ತದಾ?"

"ಅದನ್ನೇ ನಾನೂ ಹೇಳುದು."

ಅವಳು ಆಟವನ್ನು ಮತ್ತೆ ಶುರುಮಾಡಿದಳು. ನದಿಯ ದಡದಲ್ಲಿ, ಮನೆಗಳಿಂದ ಆದಷ್ಟು ದೂರದಲ್ಲಿ, ಮೀನುಕಟ್ಟೆ ಕಟ್ಟಿಸಿದಳು. ಅಷ್ಟು ದೂರದಿಂದ ಮೀನು ಹೊತ್ತು ತರುವುದರೊಳಗೆ ಇನ್ನಿಬ್ಬರು ಸತ್ತರು. ಎರಡನೆಯದನ್ನು ಮನೆಗಳ ಪಕ್ಕದಲ್ಲೇ ಕಟ್ಟಿಸಿದಳು. ಉಳಿದವರು ಚಳಿಗಾಲ ದಾಟಿದರು.

ಆಟದ ವಸಂತದಲ್ಲಿ ಹೊಲಗಳನ್ನು ಮೂರು ಪಾಲು ಮಾಡಿದಳು. ಒಂದು ಪಾಲಿಗೆ ಗೋಧಿ, ಇನ್ನೊಂದಕ್ಕೆ ಅವರೆ, ಮತ್ತೊಂದು ಬೀಳು. ವರ್ಷ ವರ್ಷ ಸರದಿ. ನಿಧಾನವಾಗಿ ಮಣ್ಣು ಸುಧಾರಿಸಿತು. ಕಣಜದಲ್ಲಿ ಮತ್ತೆ ಧಾನ್ಯ ಮಿಗತೊಡಗಿತು.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದ ಅನಘಾ ಪರದೆ ನೋಡಿ ನಕ್ಕಳು. "ಅಮ್ಮಾ, ಫಿಶ್? ಯೂ? ಸೀರಿಯಸ್ಲಿ?"

"ಕಷ್ಟಕಾಲದಲ್ಲಿ ಕಟ್ಟಿದ್ದು."

"ಈಗ ಗೋಧಿ ಇದ್ಯಲ್ಲ. ಡಿಲೀಟ್ ಮಾಡು."

"ಬೇಡ, ಇರ್ಲಿ. ಉಡುಪಿಯ ಪಕ್ಕ ಮಲ್ಪೆಯ ಮೀನಿನ ಬಂದರು ಇಲ್ವಾ?" ಎಂದ ನಳಿನಿ, ಆಟದಲ್ಲಿ ಆ ವರ್ಷ ಬೀಳು ಬಿಡಬೇಕಾದ ಹೊಲಗಳನ್ನು ಗುರುತು ಮಾಡಿ, ಅನ್ನಕ್ಕಿಡಲು ಎದ್ದಳು.