ಹಸಿರು ಚುಕ್ಕೆಯ ಕಾರ್ಡು

ಜಿನ್ನಪ್ಪ ಕಾಕಾನ ಮೇಲಿನ ಮುಂದಿನ ಹಲ್ಲಿನಲ್ಲಿ ನೂಲಿನ ದಪ್ಪದ ಒಂದು ಕಚ್ಚು ಇತ್ತು. ಮೂವತ್ತೈದು ವರ್ಷ ಇಚಲಕರಂಜಿಯ ಮಗ್ಗದ ಕಾರ್ಖಾನೆಯಲ್ಲಿ ಹರಿದ ಎಳೆಗೆ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಿಂದ ಕಡಿದು ಉಗುಳಿದ ಗುರುತು ಅದು. ಲಾಳಿಯ ತೂತಿನಿಂದ ನೂಲನ್ನು ಉಸಿರಿನಿಂದ ಎಳೆದುಕೊಳ್ಳುವುದೂ ಅದೇ ಬಾಯಿಯ ಕೆಲಸ. ನಾವು ಸಣ್ಣವರಿದ್ದಾಗ ಕಾಕಾ ಒಂದು ಎಳೆಯನ್ನು ಆ ಕಚ್ಚಿನಲ್ಲಿ ಕೂಡಿಸಿ, ಕೈಬಿಟ್ಟು, ತಲೆಯಾಡಿಸಿ ತೋರಿಸುತ್ತಿದ್ದರು. ನೂಲು ಬೀಳುತ್ತಿರಲಿಲ್ಲ. ನಾವು ನಗುತ್ತಿದ್ದೆವು. ಹಲ್ಲುಗಳೇ ಒಂದೊಂದಾಗಿ ಬೀಳತೊಡಗಿದಾಗ ನಮಗೆ ನಗುವ ವಯಸ್ಸು ಮುಗಿದಿತ್ತು.

ಇಚಲಕರಂಜಿಯ ಪಕ್ಕದ ಕೊರೋಚಿಯಲ್ಲಿ ಅವರ ಮನೆ ನಮ್ಮ ಮನೆಯಿಂದ ಮೂರನೆಯದು. ಹಗಲು ಮಗ್ಗ, ಸಂಜೆ ಬಸದಿ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದರು. ಒಂದು ತುತ್ತಿಗೆ ಮೂವತ್ತೆರಡು ಸಲ ಅಗಿಯುತ್ತಿದ್ದರು. ನಾನು ಎಣಿಸಿದ್ದೇನೆ, ಒಂದು ದಿನವೂ ಮೂವತ್ತೊಂದು ಆಗಲಿಲ್ಲ. ಊಟವಾದ ಮೇಲೆ ಬಸದಿಗೆ ಹೋಗಿ ಶಾಸ್ತ್ರ ಓದಿ ಅರ್ಥ ಹೇಳುತ್ತಿದ್ದರು. ಭಾನುವಾರ ಬೆಳಿಗ್ಗೆ ನಮಗೆ ಪಾಠಶಾಲೆ. ಶಾಲೆಯಲ್ಲಿ ನಾವೆಲ್ಲ ಮರಾಠಿ ಕಲಿತವರು. ಕನ್ನಡದ ಅಕ್ಷರ ಕಲಿಸಿದವರು ಕಾಕಾ.

ಲೆಕ್ಕ ಕಲಿಸಿದವರೂ ಅವರೇ. ಪ್ರತಿಯೊಬ್ಬರಿಗೂ ಒಂದು ವಹಿ ಕೊಟ್ಟಿದ್ದರು. ಮಲಗುವ ಮುಂಚೆ ಆ ದಿನ ಮಾಡಿದ ತಪ್ಪುಗಳನ್ನು ಅದರಲ್ಲಿ ಬರೆಯಬೇಕು. ತಪ್ಪಿನ ಹೆಸರು ಬೇಡ, ಸಂಖ್ಯೆ ಸಾಕು. ಭಾನುವಾರ ಅವರು ವಹಿ ತಿರುವುತ್ತಿದ್ದರು.

"ರೂಪಾ, ಈ ವಾರ ಎಷ್ಟು?"

"ಮೂರು ರೀ ಕಾಕಾ."

"ಮೂರs? ನೀ ಏನ ಮುನಿ ಮಹಾರಾಜರೇನ? ಇರುವಿ ತುಳದದ್ದು ಲೆಕ್ಕಕ್ಕ ಹಿಡದೀಯೇನು?"

"ಇಲ್ಲರಿ."

"ಹಿಡಿ. ಅವ್ವಗ ಎದುರ ಮಾತಾಡಿದ್ದು?"

"ಹಿಡದೇನ್ರಿ. ಅದs ಮೂರು."

ಆಗ ಅವರು ನಗುತ್ತಿದ್ದರು. ಆ ವಹಿ ಬರೆಯುವ ಚಾಳಿ ನನಗೆ ಹತ್ತಿ ಇವತ್ತಿಗೂ ಬಿಟ್ಟಿಲ್ಲ. ದಿನಾಂಕ, ವಾರ, ಬಸ್ಸು ಬಂದ ವೇಳೆ, ಎಲ್ಲವನ್ನೂ ಬರೆದಿಡುತ್ತೇನೆ. ಆ ಚಾಳಿಯಿಂದಲೇ ಕೊಲ್ಹಾಪುರದ ಒಂದು ಹಲ್ಲಿನ ದವಾಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಪೇಷಂಟರ ಕಾರ್ಡು, ಸಾಮಾನಿನ ಯಾದಿ, ಔಷಧದ ಕಪಾಟು ನನ್ನ ಪಾಲಿಗೆ.

ಕಾಕಾನ ಮುಂದಿನ ನಾಲ್ಕು ಹಲ್ಲು ಹೋದ ಮೇಲೆ ಅವರ ಮಗ ಬಾಹುಬಲಿ ಅಣ್ಣ ಇಚಲಕರಂಜಿಯಲ್ಲಿ ಅವರಿಗೆ ಕವಳಿ ಮಾಡಿಸಿದ. ಕವಳಿ ಎಂದರೆ ನಮ್ಮ ಕಡೆ ಹಾಕಿ ತೆಗೆಯುವ ಕಟ್ಟಿದ ಹಲ್ಲು. ಅದು ಸಡಿಲಿತ್ತು. ಭಾದ್ರಪದದಲ್ಲಿ ನಮಗೆ ಹತ್ತು ದಿನದ ದಶಲಕ್ಷಣ ಪರ್ವ. ದಿನಕ್ಕೊಂದು ಧರ್ಮದ ಪಾಠ. ಆ ವರ್ಷ ಐದನೆಯ ದಿನ, ಬಸದಿ ತುಂಬ ಜನ ಕೂತಿದ್ದಾಗ, ಕಾಕಾ ಜೋರಾಗಿ ಓದುವಾಗ ಕವಳಿ ಬಾಯಿಂದ ಜಾರಿ ಶಾಸ್ತ್ರದ ತೆರೆದ ಪುಟದ ಮೇಲೆ ಬಿತ್ತು. ಹಾಳೆ ಒದ್ದೆಯಾಯಿತು. ಹಿಂದೆ ಕೂತ ಹುಡುಗಿಯರು ಕಿಸಕ್ಕೆಂದರು. ಕಾಕಾ ಅದನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದು, ಹೆಗಲ ಮೇಲಿನ ವಸ್ತ್ರದ ಅಂಚಿನಿಂದ ಪುಟವನ್ನು ಒತ್ತಿ ಒತ್ತಿ ಒರೆಸಿದರು. ಶಾಸ್ತ್ರ ಮುಚ್ಚಿ ಎದ್ದರು. ಮೂರು ದಿನ ಉಪವಾಸ ಮಾಡಿದರು. ಆಮೇಲೆ ಓದಲು ಕೂಡಲಿಲ್ಲ.

"ಯಾಕ್ರಿ ಕಾಕಾ, ಕವಳಿ ಬಿಟ್ಟ ಓದ್ರಿ," ಎಂದೆ.

"ಹಲ್ಲಿಲ್ಲದ ಓದಿದ್ರ 'ಸತ್ಯ' ಅನ್ನಾಕ ಬರೂದಿಲ್ಲ ತಂಗಿ. ಗಾಳಿ ಬರ್ತೈತಿ ಅಷ್ಟ."

ಅವರಿಗೆ ರೊಟ್ಟಿಯ ಚಿಂತೆ ಇರಲಿಲ್ಲ. ಓದಬೇಕಿತ್ತು. ಬೀಳದ ಹಲ್ಲು ಹಾಕಿಸೋಣ, ಎಲುಬಿನಲ್ಲೇ ಸ್ಕ್ರೂ ಕೂಡಿಸಿ ಅದರ ಮೇಲೆ ಹಲ್ಲು ನಿಲ್ಲಿಸುತ್ತಾರೆ, ಅದನ್ನು ಇಂಪ್ಲಾಂಟ್ ಅನ್ನುತ್ತಾರೆ ಎಂದು ನಾನೇ ಹೇಳಿದೆ. ಬಾಹುಬಲಿ ಅಣ್ಣನನ್ನು ಒಪ್ಪಿಸಿದೆ. ಕಾಕಾ ಹೆದರಿ ಎರಡು ಸಲ ಬಸ್ ಸ್ಟ್ಯಾಂಡಿನಿಂದ ತಿರುಗಿ ಹೋದರು. ಮೂರನೆಯ ಸಲ ಬಂದರು.

ಅವರ ದವಡೆಯ ಎಲುಬು ಕರಗಿತ್ತು. ಹಾಗಾದವರಿಗೆ ಮೊದಲು ಒಂದು ಪುಡಿ ತುಂಬಿ, ಅದು ಎಲುಬಾಗಿ ಗಟ್ಟಿಯಾದ ಮೇಲೆ ಸ್ಕ್ರೂ ಕೂಡಿಸುತ್ತಾರೆ. ಪುಡಿಯಲ್ಲಿ ಎರಡು ಬಗೆ. ಒಂದು ದನದ ಎಲುಬನ್ನು ಕಾಯಿಸಿ ಶುದ್ಧ ಮಾಡಿದ್ದು. ಇನ್ನೊಂದು ಕಾರ್ಖಾನೆಯಲ್ಲೇ ತಯಾರಾದದ್ದು, ಯಾವ ಜೀವದ ಸಂಬಂಧವೂ ಇಲ್ಲದ್ದು. ನಮ್ಮಲ್ಲಿ ಜೈನ ಪೇಷಂಟರು ಹೆಚ್ಚು. ಅವರ ಕಾರ್ಡಿನ ಮೂಲೆಗೆ ಹಸಿರು ಚುಕ್ಕೆ ಇಡುವ ಪದ್ಧತಿಯನ್ನು ಶುರು ಮಾಡಿದವಳು ನಾನು. ಹಸಿರು ಚುಕ್ಕೆ ಇದ್ದರೆ ಎರಡನೆಯ ಬಗೆಯ ಪುಡಿ ತರಿಸಿಡಬೇಕು. ಕಾಕಾನ ಕಾರ್ಡಿಗೆ ನಾನೇ ಚುಕ್ಕೆ ಇಟ್ಟೆ. ಪುಡಿ ತರಿಸಲು ಮರೆತೆ.

ದೀಪಾವಳಿ ಮುಗಿದ ಎರಡನೆಯ ವಾರ, ಮಂಗಳವಾರ. ಕಾಕಾ ಕುರ್ಚಿಯಲ್ಲಿ ಮಲಗಿದ್ದರು. ಬಾಯಿ ಮರಗಟ್ಟುವ ಇಂಜೆಕ್ಷನ್ನೂ ಆಗಿತ್ತು. ಕಪಾಟು ತೆಗೆದೆ. ಆ ಡಬ್ಬಿ ಇರಲಿಲ್ಲ. ಇನ್ನೊಂದಿತ್ತು.

ಡಾಕ್ಟರ್ ಮ್ಯಾಡಮ್ ಮರಾಠಿಯಲ್ಲಿ ಕೇಳಿದರು: ಇವರದು ಹಸಿರು ಚುಕ್ಕೆಯಲ್ಲವೇ? ಆ ಪುಡಿ ಇಲ್ಲದಿದ್ದರೆ ಹೇಳು, ಎಂಟು ದಿನ ಬಿಟ್ಟು ಮಾಡೋಣ.

ನಾಲ್ಕು ವರ್ಷದಲ್ಲಿ ನನ್ನ ಯಾದಿಯಲ್ಲಿ ಒಂದೂ ತಪ್ಪು ಬಂದಿರಲಿಲ್ಲ. ಅದನ್ನು ಮ್ಯಾಡಮ್ ಎಲ್ಲರ ಮುಂದೆ ಹೇಳುತ್ತಿದ್ದರು. ಅದೂ ಅಲ್ಲದೆ ಈ ಸಲ ಎದ್ದುಹೋದರೆ ಕಾಕಾ ಮತ್ತೆ ಬರುವುದಿಲ್ಲ ಎಂದುಕೊಂಡೆ. ಎರಡೂ ಕಾರಣ ನಿಜ. ಮೊದಲನೆಯದು ಹೆಚ್ಚು ನಿಜ.

"ಅವರು ಒಪ್ಪಿದ್ದಾರೆ ಮ್ಯಾಡಮ್. ಸಹಿ ಆಗಿದೆ," ಎಂದೆ.

ಸಹಿ ಆಗಿತ್ತು, ಅದು ಸುಳ್ಳಲ್ಲ. ಸಮ್ಮತಿ ಪತ್ರದ ಕೊನೆಯಲ್ಲಿ, ಪ್ರಾಣಿಯಿಂದ ಬಂದ ವಸ್ತು ಬಳಸಬಹುದು ಎಂದು ಸಣ್ಣ ಅಕ್ಷರದಲ್ಲಿತ್ತು. ಹಸಿರು ಚುಕ್ಕೆಯವರಿಗೆ ನಾನು ಆ ಸಾಲು ಹೊಡೆದುಹಾಕುತ್ತಿದ್ದೆ. ಕಾಕಾನ ಪತ್ರದಲ್ಲಿ ಅದನ್ನೂ ಮರೆತಿದ್ದೆ. ಅವತ್ತು ಬೆಳಿಗ್ಗೆ ಅವರು ಪತ್ರ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ್ದರು.

"ನೀ ಓದೀಯಲ್ಲವಾ?"

"ಓದೇನ್ರಿ."

"ಮತ್ತ ನಾ ಯಾಕ ಓದಲಿ, ಕೊಡ ಪೆನ್ನ," ಎಂದು ಸಹಿ ಮಾಡಿದ್ದರು.

ಈಗ ಪುಡಿಯ ಬಟ್ಟಲು ನೋಡಿ, ಮರಗಟ್ಟಿದ ತುಟಿಯಲ್ಲೇ ತೊದಲಿ ಕೇಳಿದರು. "ರೂಪಾ, ಎಲುಬಿನ ಪುಡಿ ಅಂತಾರಲ್ಲ, ಯಾರ ಎಲುಬs ಅದು? ನಿಂದಲ್ಲಲ್ಲ?"

"ಸುಣ್ಣರಿ ಕಾಕಾ. ಸುಣ್ಣದ ಪುಡಿ."

ಕಾಕಾ ಕಣ್ಣು ಮುಚ್ಚಿಕೊಂಡರು. ಅರ್ಧ ಗ್ರಾಂ ಹಿಡಿಯಿತು. ಡಬ್ಬಿಯ ಮೇಲಿನ ಚೀಟಿ ಬಿಡಿಸಿ ಕಾರ್ಡಿಗೆ ಅಂಟಿಸಿದೆ, ಹಸಿರು ಚುಕ್ಕೆಯ ಕೆಳಗೆ. ಅವತ್ತಿನ ವಹಿಯಲ್ಲಿ ಬರೆದದ್ದು ಒಂದೇ ಸಂಖ್ಯೆ: ಒಂದು.

ಅಕ್ಷಯ ತದಿಗೆಯ ಹೊತ್ತಿಗೆ ಎಲುಬು ಗಟ್ಟಿಯಾಗಿ ಎರಡು ಸ್ಕ್ರೂ ಕೂಡಿಸಿದರು. ಶ್ರಾವಣದಲ್ಲಿ ಅವುಗಳ ಮೇಲೆ ನಾಲ್ಕು ಹಲ್ಲು ಬಂದವು. ಕಾಕಾ ಕನ್ನಡಿಯಲ್ಲಿ ನೋಡಿಕೊಂಡು ನಾಲಿಗೆಯಿಂದ ತಡವಿದರು.

"ಕಚ್ಚು ಇಲ್ಲಲ್ಲ," ಎಂದರು. "ನೂಲು ನಿಲ್ಲೂದಿಲ್ಲ ಇನ್ನ."

ಭಾದ್ರಪದದಲ್ಲಿ ಹತ್ತು ದಿನವೂ ಓದಿದರು. ಕ್ಷಮೆಯ ಪಾಠ, ಸತ್ಯದ ಪಾಠ, ಒಂದು ಅಕ್ಷರವೂ ಜಾರಲಿಲ್ಲ. ಹಿಂದಿನ ವರ್ಷ ಕಿಸಕ್ಕೆಂದ ಹುಡುಗಿಯರು ಮುಂದೆ ಬಂದು ಕೂತಿದ್ದರು. ಸತ್ಯದ ದಿನ ನಾನು ಬಾಗಿಲ ಹತ್ತಿರ ನಿಂತೇ ಕೇಳಿದೆ.

ಪರ್ವ ಮುಗಿದ ಮೇಲೆ ಕ್ಷಮಾವಾಣಿ. ಅವತ್ತು ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ, ದೊಡ್ಡವರು ಸಣ್ಣವರೆನ್ನದೆ. ಬಸದಿಯ ಅಂಗಳದಲ್ಲಿ ಕಾಕಾ ನೇರ ನನ್ನ ಹತ್ತಿರ ಬಂದರು. ಕೈಜೋಡಿಸಿ ಬಾಗಿದರು.

"ತಿಳಿದೋ ತಿಳೀದನೋ ನಿನ್ನ ಮನಸ ನೋಯಿಸಿದ್ರ ಕ್ಷಮಾ ಮಾಡವಾ. ನೀ ಇರಲಿಲ್ಲಂದ್ರ ನಾ ಮತ್ತ ಓದ್ತಿರಲಿಲ್ಲ."

ಅವರ ಹಿಂದೆಯೇ ಮನೆತನಕ ಹೋದೆ. ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ: ಡಬ್ಬಿ, ಯಾದಿ, ಸುಣ್ಣ ಎಂದ ಮಾತು.

ಅವರು ನಲ್ಲಿಯ ಹತ್ತಿರ ಹೋದರು. ನಲ್ಲಿಗೆ ಕಟ್ಟಿದ ಸೋಸುವ ಅರಿವೆ ಸರಿ ಮಾಡಿ ನೀರು ಬಿಟ್ಟು ಬಾಯಿ ಮುಕ್ಕಳಿಸಿದರು. ಹನ್ನೊಂದು ಸಲ. ಆಮೇಲೆ ಕೇಳಿದರು.

"ಯಾ ಜೀವ?"

"ದನರಿ."

"ತಗ್ಯಾಕ ಬರ್ತದೇನ?"

ಮರುದಿನ ಇಬ್ಬರೂ ಕೊಲ್ಹಾಪುರಕ್ಕೆ ಹೋದೆವು. ನಾನು ಮ್ಯಾಡಮ್ ಮುಂದೆಯೂ ನನ್ನ ತಪ್ಪು ಹೇಳಿದೆ. ಅವರು ಎದ್ದು ಬಂದು ಕಾಕಾನಿಗೆ ಕೈಮುಗಿದರು. ತೆಗೆಯಲು ಬರುವುದಿಲ್ಲ ಎಂದರು. ಈಗ ಅದು ನಿಮ್ಮದೇ ಎಲುಬಿನಲ್ಲಿ ಬೆರೆತುಹೋಗಿದೆ. ತೆಗೆಯಬೇಕೆಂದರೆ ದವಡೆ ಒಡೆಯಬೇಕು. ಕಾಕಾ ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ಹುಡುಕಿದರು. ಎಲ್ಲ ಒಂದೇ ಸಮ ಬೆಳ್ಳಗೆ ಕಾಣುತ್ತಿತ್ತು.

ತಿರುಗಿ ಬರುವಾಗ ಬಸ್ಸು ಹಾತಕಣಂಗಲೆ ದಾಟಿತು. ಆಗ ಕಾಕಾ ಅಂದರು: "ಸತ್ಯದ ಪಾಠಾನೂ ಇದs ಬಾಯಿಲೆ ಓದಿದ್ನಲ್ಲ."

"ತಪ್ಪ ನಂದರಿ ಕಾಕಾ."

"ನಿಂದ ನೀ ಹೇಳಿದಿ, ಮುಗೀತು. ನಂದು ಬ್ಯಾರೆ ಐತಿ. ಊರಿಗೆಲ್ಲಾ ಓದಿ ಹೇಳಾಂವ ನಾನು. ನನ್ನ ಸಲುವಾಗಿ ಬರದ ಕಾಗದ ಒಂದು ಓದಲಿಲ್ಲ." ಇಳಿಯುವ ಮೊದಲು ಅಂದರು: "ಇದನ್ನ ಮನ್ಯಾಗ ಯಾರಿಗೂ ಹೇಳಬ್ಯಾಡ. ಬಾಹುಬಲಿ ಸಿಟ್ಟಿನಾಂವ. ನಿನ್ನ ನೌಕರಿ ಹೋದೀತು."

ಅವತ್ತಿನಿಂದ ಕಾಕಾ ಓದುವುದನ್ನು ಬಿಟ್ಟರು. ಆ ಹಲ್ಲಿರುವ ಬಾಯಿಂದ ಏನನ್ನೂ ಅಗಿಯುವುದಿಲ್ಲ ಎಂದು ನಿಯಮ ಹಿಡಿದರು. ಗಂಜಿ, ಬೇಳೆಯ ತಿಳಿ, ದಿನಕ್ಕೆ ಒಂದೇ ಸಲ. ಕಾರಣ ಯಾರಿಗೂ ಹೇಳಲಿಲ್ಲ. ಬಸದಿಯವರು ಬಂದು ಕರೆದರೆ "ದನಿ ಹತ್ತೂದಿಲ್ಲ" ಅನ್ನುತ್ತಿದ್ದರು.

ಬಾಹುಬಲಿ ಅಣ್ಣ ದಾರಿಯಲ್ಲಿ ನನ್ನನ್ನು ತಡೆದ. "ಏನ ಹಲ್ಲ ಹಾಕ್ಸಿದ್ಯವಾ ನಮ್ಮಪ್ಪಗ? ಇದ್ದ ಕವಳಿಲೆ ರೊಟ್ಟಿನರೆ ತಿಂತಿದ್ದ. ಈಗ ನೋಡಿದ್ರ ಕೂಸಿನಂಗ ಗಂಜಿ ಕುಡ್ಯಾಕತ್ತಾನ. ನಿಮ್ಮ ದವಾಖಾನ್ಯಾಗ ತೋರ್ಸಾಕ ಇಟ್ಟ ಹಲ್ಲೇನವು?"

ಕಾಕಾ ಹೇಳಬೇಡ ಎಂದಿದ್ದರು. ನನಗೆ ಅದೇ ಅನುಕೂಲವಾಯಿತು. ತಲೆ ತಗ್ಗಿಸಿ ಬಸ್ಸಿಗೆ ಹೋದೆ.

ಕಾರ್ತಿಕದ ಹೊತ್ತಿಗೆ ಅವರ ಅಂಗಿ ಹ್ಯಾಂಗರಿಗೆ ಹಾಕಿದಂತೆ ಕಾಣುತ್ತಿತ್ತು. ಹವಾ ಬದಲಾದರೆ ಉಂಡಾರು ಎಂದು ಮಗಳು ವಿಮಲಕ್ಕ ಗಡಹಿಂಗ್ಲಜಕ್ಕೆ ಕರೆದುಕೊಂಡು ಹೋದಳು. ಪುಷ್ಯದಲ್ಲಿ ಒಂದು ಭಾನುವಾರ ನಾನು ನೋಡಲು ಹೋದೆ. ಕಾಕಾ ಬಿಸಿಲಿಗೆ ಕೂತಿದ್ದರು. ಬಾಯಿ ಒಳಗೆ ಕುಸಿದು, ಆ ನಾಲ್ಕು ಹಲ್ಲು ಮಾತ್ರ ಬೇರೆಯವರದೆನ್ನುವಂತೆ ಬೆಳ್ಳಗೆ ಮುಂದೆ ನಿಂತಿದ್ದವು. ವಿಮಲಕ್ಕ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು.

"ನೀನರೆ ಹೇಳ ರೂಪಾ. ಒಂದs ತುತ್ತ. ನೋಯತೈತೇನ ಅಪ್ಪಾ?"

"ಇಲ್ಲವಾ. ಭಾಳ ಗಟ್ಟಿ ಅದಾವ."

ವಿಮಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಕಾಕಾ ನನ್ನ ಚೀಲದ ಕಡೆ ನೋಡಿದರು.

"ವಹಿ ತಂದೀಯೇನ? ಎಷ್ಟು?"

"ಒಂದರಿ."

"ನಿನ್ನಿ?"

"ಒಂದು."

"ದಿನಾ ಅದs ಒಂದೇನು?"

ನಾನು ಹೌದೆಂದೆ.

"ಹಂಗ ಬರೀಬಾರದು. ಒಂದ ತಪ್ಪು ಒಂದs ಸಲ ಬರಿ. ದಿನಾ ಬರದ್ರ ಅದರ ಮ್ಯಾಲ ಆಶಾ ಹತ್ತತೈತಿ."

"ನೀವೂ ದಿನಾ ಬರಿಯಾಕತ್ತೀರಿ ಕಾಕಾ. ಗಂಜಿಲೆ."

ನನ್ನ ಬಾಯಿಂದ ಅದು ಹೇಗೆ ಬಂತೋ ತಿಳಿಯದು. ಕಾಕಾ ನನ್ನನ್ನು ನೋಡಿದರು. ರೊಟ್ಟಿಯ ತುಂಡೊಂದನ್ನು ಮುರಿದು ಬಾಯಿಯ ತನಕ ಒಯ್ದರು. ತುಂಡು ತುಟಿಯ ಹತ್ತಿರವೇ ನಿಂತಿತು, ನಾನು ಇಪ್ಪತ್ತರ ತನಕ ಎಣಿಸಿದೆ. ಅವರು ತುಂಡನ್ನು ತಾಟಿನಲ್ಲಿ ಇಟ್ಟುಬಿಟ್ಟರು.

"ಆಗವಲ್ದವಾ," ಎಂದರು.

ಮಾಘದಲ್ಲಿ ತೀರಿಕೊಂಡರು. ರಕ್ಷಾ ವಿಸರ್ಜನೆಗೆ, ಅಂದರೆ ಚಿತೆಯ ಬೂದಿ ಬಿಡುವ ದಿನ, ಗಡಹಿಂಗ್ಲಜಕ್ಕೆ ಹೋದೆ. ನೀರಿನ ಜೀವಕ್ಕೆ ತ್ರಾಸ ಆಗಬಾರದೆಂದು ನಾವು ರಕ್ಷೆಯನ್ನು ಹೊಳೆಗೆ ಬಿಡುವುದಿಲ್ಲ. ಹೊಲದಲ್ಲಿ ಕುಣಿ ತೋಡಿ ಹಾಕಿ ಮೇಲೆ ಗಿಡ ನೆಡುತ್ತೇವೆ. ಬೂದಿ ಕೂಡಿಸುವಾಗ ಬಾಹುಬಲಿ ಅಣ್ಣನ ಕೈಗೆ ಎರಡು ಸ್ಕ್ರೂ ಸಿಕ್ಕವು. ಕಪ್ಪಾಗಿದ್ದವು, ಸುತ್ತು ಹಾಗೇ ಇತ್ತು. ಅಂಗೈಯಲ್ಲಿ ಹಿಡಿದು ನನಗೆ ತೋರಿಸಿದ.

"ಬೆಂಕ್ಯಾಗೂ ಏನ ಆಗಿಲ್ಲ ನೋಡು ರೂಪಾ. ಇಷ್ಟ ಗಟ್ಟಿ ಹಾಕ್ಯಾರ." ದನಿಯಲ್ಲಿ ಸಿಟ್ಟಿರಲಿಲ್ಲ. "ಮತ್ತ ಅಪ್ಪ ಯಾಕ ರೊಟ್ಟಿ ತಿನ್ನಲಿಲ್ಲ?"

ಸುತ್ತ ಹನ್ನೆರಡು ಜನ ನಿಂತಿದ್ದರು. ಹೇಳಬೇಡ ಎಂದವರು ಈಗ ಬೂದಿಯಾಗಿದ್ದರು. ಉತ್ತರ ಬಾಯಿಯ ತನಕ ಬಂತು.

"ಗೊತ್ತಿಲ್ಲಣ್ಣಾ," ಎಂದೆ.

ಅವನು ಸ್ಕ್ರೂಗಳನ್ನು ನನ್ನ ಕೈಗೆ ಹಾಕಿದ. ಎಲುಬಿನ ಚೂರುಗಳನ್ನು ಕುಣಿಗೆ ಹಾಕಿದರು. ಎಲ್ಲವೂ ಒಂದೇ ಬೂದಿ ಬಣ್ಣದವು. ಮೇಲೆ ಮಣ್ಣೆಳೆದು ಮಾವಿನ ಸಸಿ ನೆಟ್ಟರು.

ಅವತ್ತಿನ ವಹಿಯಲ್ಲಿ ಮತ್ತೆ ಒಂದು ಎಂದು ಬರೆದೆ. ಅದು ಹಳೆಯದಲ್ಲ, ಹೊಸದು. ಸ್ಕ್ರೂಗಳು ಒಂದು ಸಣ್ಣ ಡಬ್ಬಿಯಲ್ಲಿ ನನ್ನ ಮೇಜಿನ ಮೇಲಿವೆ. ಇದನ್ನು ಬರೆದು ಮುಗಿಸಿದ ಮೇಲೆ ಆ ಡಬ್ಬಿಯನ್ನೂ ಈ ಹಾಳೆಗಳನ್ನೂ ಬಾಹುಬಲಿ ಅಣ್ಣನಿಗೆ ಕೊಡುತ್ತೇನೆ. ಅವನಿಗೂ ಕನ್ನಡ ಓದಲು ಕಲಿಸಿದವರು ಕಾಕಾನೇ.